ತಲೆಕೆಳಗಾದ ಪುಸ್ತಕಗಳು

ಪುಸ್ತಕ ತಲೆಕೆಳಗಾಗಿ ನಿಂತಿತ್ತು.

ಧನಲಕ್ಷ್ಮಿ ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ಎಳೆದುಕೊಂಡಳು. ಜನ್ನಾಪುರದ ಲೈಬ್ರರಿಯ ಕೊನೆಯ ಕಪಾಟು, ಕೆಳಗಿನ ಸಾಲು. ಅಕ್ಕಪಕ್ಕದ ಪುಸ್ತಕಗಳೆಲ್ಲ ಮರ್ಯಾದಸ್ಥರ ಹಾಗೆ ನೆಟ್ಟಗೆ ನಿಂತಿದ್ದವು. ಇದೊಂದು ಮಾತ್ರ ಕಾಲು ಮೇಲೆ ಮಾಡಿಕೊಂಡಿತ್ತು. ಮೊನ್ನೆ ಇದೇ ಸಾಲಿನ ಮೇಲೆ ಕೈಯಾಡಿಸಿ ಹೋದವಳು ಅವಳೇ. ಆಗ ಹೀಗಿರಲಿಲ್ಲ.

ಮೊದಲನೆಯದು ಹೋದ ವಾರ ಶಿವಮೊಗ್ಗದ ಹೊಸಮನೆಯ ಲೈಬ್ರರಿಯಲ್ಲಿ. ಎರಡನೆಯದು ಮೊನ್ನೆ ಇಲ್ಲೇ, ಬಾಗಿಲ ಪಕ್ಕದ ಕಪಾಟಿನಲ್ಲಿ. ಈಗ ಇದು.

ಗೆಳತಿ ಜಗದಾಂಬಾ ಕಾಣೆಯಾಗಿ ತಿಂಗಳಾಗುತ್ತ ಬಂತು. ಅವಳನ್ನು ಕೊಂದು ಹೆಣವನ್ನು ಭದ್ರಾ ಕಾಲುವೆಗೆ ಎಸೆದನೆಂದು ಪೊಲೀಸರು ಧನಲಕ್ಷ್ಮಿಯ ತಮ್ಮ ಸಿದ್ದುವನ್ನು, ಆ ಬಡಪಾಯಿ ಆಟೋ ಡ್ರೈವರನ್ನು, ಒಳಗೆ ಹಾಕಿದ್ದಾರೆ. ಹೆಣ ಇಂದಿಗೂ ಸಿಕ್ಕಿಲ್ಲ. ಸಿಕ್ಕಿದ್ದು ಸಿದ್ದುವಿನ ಆಟೋದ ಹಿಂದಿನ ಸೀಟಿನಡಿ ಜಗದಾಂಬಾಳ ಕೈಚೀಲ. ಅದರ ಮೇಲೆ ರಕ್ತದ ಕಲೆ. "ಆಕೆ ಬದುಕಿದ್ದಾರೆ ಅನ್ನೋದಕ್ಕೆ ಒಂದೇ ಒಂದು ಗುರುತು ತನ್ನಿ, ಅವನನ್ನ ಹೊರಗೆ ತರೋದು ನನ್ನ ಜವಾಬ್ದಾರಿ," ಅಂದಿದ್ದರು ವಕೀಲರು. ಅಲ್ಲಿಂದ ಮುಂದೆ ಧನಲಕ್ಷ್ಮಿ ಹುಚ್ಚು ಹಿಡಿದವಳ ಹಾಗೆ ಲೈಬ್ರರಿಯಿಂದ ಲೈಬ್ರರಿಗೆ ಅಲೆಯುತ್ತಿದ್ದಾಳೆ.

ಲೈಬ್ರರಿಗೇ ಯಾಕೆ ಅಂದರೆ, ಆ ಹುಚ್ಚು ಹಳೆಯದು. ಜನ ದೇವಸ್ಥಾನ ಸುತ್ತುತ್ತಾರೆ, ಜಲಪಾತ ನೋಡಲು ಹೋಗುತ್ತಾರೆ. ಈ ಇಬ್ಬರು ಹೆಂಗಸರು ಲೈಬ್ರರಿ ಸುತ್ತುತ್ತಿದ್ದರು. ಧನಲಕ್ಷ್ಮಿ ಅಂಗನವಾಡಿ ಟೀಚರಾಗಿ ನಿವೃತ್ತಳಾದವಳು. ಜಗದಾಂಬಾ ವಿದ್ಯಾನಗರದ ಷಡಕ್ಷರಪ್ಪನವರೆಂಬ ಅಡಿಕೆ ಮಂಡಿ ಸಾಹುಕಾರರ ಹೆಂಡತಿ. ಬುತ್ತಿ ಕಟ್ಟಿಕೊಂಡು, ಸಿದ್ದುವಿನ ಆಟೋವನ್ನೋ ಸಿಕ್ಕಿದ ಬಸ್ಸನ್ನೋ ಹತ್ತಿ, ಹೊಳೆಹೊನ್ನೂರು, ತರೀಕೆರೆ, ಚನ್ನಗಿರಿ, ಶಿಕಾರಿಪುರ ಅಂತ ಹೊರಟುಬಿಡುವುದು. ಪುಸ್ತಕ ತರುವುದಕ್ಕಲ್ಲ, ಸುಮ್ಮನೆ ಹೋಗಿ ಕೂತು ಬರುವುದಕ್ಕೆ.

"ಒಂದೊಂದು ಊರಿನ ಲೈಬ್ರರಿಗೂ ಒಂದೊಂದು ವಾಸನೆ ಇರುತ್ತೆ ಕಣೇ ಧನಾ," ಎನ್ನುತ್ತಿದ್ದಳು ಜಗದಾಂಬಾ. "ಕಣ್ಣು ಕಟ್ಟಿ ಕರ್ಕೊಂಡು ಹೋಗು, ಯಾವ ಊರು ಅಂತ ಹೇಳ್ತೀನಿ."

ಹೋದಲ್ಲೆಲ್ಲ ಅವಳದೊಂದು ಆಟ. ವರ್ಷಾನುಗಟ್ಟಲೆ ಯಾರೂ ಮುಟ್ಟದ ಪುಸ್ತಕವನ್ನು ಹುಡುಕಿ ತೆಗೆಯುವಳು. ಜೇನು ಸಾಕುವುದು ಹೇಗೆ, ಹೊಲಿಗೆ ಯಂತ್ರದ ರಿಪೇರಿ, ಇಂಥವು. ಒಂದೆರಡು ಪುಟ ಓದುವಳು. ಪುಟ ತಿರುವಿದಾಗಲೆಲ್ಲ ರೊಟ್ಟಿ ತಟ್ಟುವ ಹಾಗೆ ಅಂಗೈಯಿಂದ ಒಮ್ಮೆ ಪಟ್ ಎಂದು ತಟ್ಟುವಳು. ಎಷ್ಟು ಊರಿನ ಲೈಬ್ರರಿಯನ್ನರು ಅದಕ್ಕೆ ಕಣ್ಣು ಬಿಟ್ಟು ನೋಡಿದ್ದಾರೋ! ಓದಿ ಮುಗಿಸಿ ಪುಸ್ತಕವನ್ನು ತಲೆಕೆಳಗು ಮಾಡಿ ಇಡುವಳು. ಮುಂದಿನ ಸಲ ಬಂದಾಗ ಅದು ನೆಟ್ಟಗಾಗಿದ್ದರೆ ಯಾರೋ ಕೈಗೆತ್ತಿಕೊಂಡಿದ್ದಾರೆ ಅಂತ ಲೆಕ್ಕ. ಅವತ್ತು ಗೆಳತಿಗೆ ಬೆಣ್ಣೆ ದೋಸೆ ಕೊಡಿಸುವಳು.

ಈ ಆಟ ಗೊತ್ತಿದ್ದದ್ದು ಅವಳಿಗೂ ಧನಲಕ್ಷ್ಮಿಗೂ ಮಾತ್ರ. ಷಡಕ್ಷರಪ್ಪನವರಿಗೆ ಹೇಳುವ ಹಾಗೇ ಇರಲಿಲ್ಲ. ಹೆಂಡತಿ ಊರೂರು ತಿರುಗುವುದೆಂದರೆ ಅವರಿಗೆ ಮೈಯೆಲ್ಲ ಉರಿ.

"ಜಂಬಣ್ಣ, ಈ ಕಡೆ ಯಾರಾದ್ರೂ ಹೆಂಗಸರು ಬಂದಿದ್ರಾ? ನಿನ್ನೆ, ಮೊನ್ನೆ?"

ಜಂಬಣ್ಣ ಲೈಬ್ರರಿಯ ಅಟೆಂಡರು. ಬೆಳಗಿನ ಪೇಪರುಗಳನ್ನು ಮೇಜಿನ ಮೇಲೆ ಹರಡಿಕೊಂಡು ದಬ್ಬಳದಿಂದ ಹೊಲಿಯುತ್ತಿದ್ದ. ಹೊಲಿಯದೆ ಬಿಟ್ಟರೆ ಕ್ರಿಕೆಟ್ ಪುಟ ಒಬ್ಬರ ಜೇಬಿಗೆ, ಸಿನಿಮಾ ಪುಟ ಇನ್ನೊಬ್ಬರ ಚೀಲಕ್ಕೆ.

"ಹೆಂಗಸ್ರು ಇಲ್ಲಿಗೆ ಎಲ್ಲಿ ಬರ್ತಾರೆ ಮಾರಾಯ್ತಿ? ನೀವು, ಆಮೇಲೆ ಆ ನಿಮ್ಮ ಸ್ನೇಹಿತರು. ಅಷ್ಟೇ." ಅಂದವನು ದಾರ ಕಚ್ಚಿ ಹರಿದು, ಮಾತು ತಪ್ಪಾಯಿತೇನೋ ಎಂಬಂತೆ ತಲೆ ತಗ್ಗಿಸಿದ. "ಹೋಗ್ಲಿ ಬಿಡಿ ಅಕ್ಕಾ. ಅವ್ರು ಹೋದ್ಮೇಲೆ ಆ ಕಪಾಟಿನ ಕಡೆ ನೋಡೋಕೆ ನಂಗೂ ಒಂಥರಾ ಆಗುತ್ತೆ."

ಧನಲಕ್ಷ್ಮಿ ಧೈರ್ಯ ಮಾಡಿ ಪುಸ್ತಕವನ್ನು ಹೊರಗೆಳೆದಳು. ನೆಟ್ಟಗೆ ಮಾಡಿ ಹೆಸರು ನೋಡಿದಳು.

ಹಳೆಯ ಕಾಲದ ವಚನ ಸಂಪುಟ.

ಜಗದಾಂಬಾ ವಚನದ ಪುಸ್ತಕವನ್ನು ತಲೆಕೆಳಗು ಮಾಡಿ ಇಡುವುದೇ? ಕೊರಳಲ್ಲಿ ಲಿಂಗ ಕಟ್ಟಿಕೊಂಡು, ಪೂಜೆಯಾಗದೆ ತೊಟ್ಟು ಕಾಫಿಯನ್ನೂ ಬಾಯಿಗೆ ಹಾಕದ ಹೆಂಗಸು ಅವಳು. ಒಮ್ಮೆ ತರೀಕೆರೆಯಲ್ಲಿ ಯಾರೋ ಹೀಗೇ ವಚನದ ಪುಸ್ತಕವನ್ನು ತಿರುಗಮುರುಗ ತುರುಕಿದ್ದರು. ಜಗದಾಂಬಾ ಅದನ್ನು ತೆಗೆದು ಸೆರಗಿನಲ್ಲಿ ಒರೆಸಿ, ಕಣ್ಣಿಗೊತ್ತಿಕೊಂಡು, ನೆಟ್ಟಗೆ ಇಟ್ಟು, ಅಲ್ಲಿದ್ದ ಲೈಬ್ರರಿಯನ್ನರ ಬೆವರಿಳಿಸಿ ಬಂದಿದ್ದಳು. "ಆಟ ಎಲ್ಲಾ ರೇಡಿಯೋ ರಿಪೇರಿ ಹತ್ರ, ಶರಣರ ಹತ್ರ ಅಲ್ಲ," ಅಂದಿದ್ದಳು.

ಹಾಗಾದರೆ ಇದು ಅವಳ ಕೈ ಅಲ್ಲ. ಬೇರೆ ಯಾರೋ ಅವಳ ಆಟ ಆಡುತ್ತಿದ್ದಾರೆ.

ಧನಲಕ್ಷ್ಮಿ ಪುಸ್ತಕ ಬಿಡಿಸಿದಳು. ಹಾಳೆಯ ಸಂದಿನಲ್ಲಿ ಕಂದು ಬಣ್ಣದ ನಯವಾದ ಪುಡಿ ಒಂದಿಷ್ಟು. ಮುಖ ಹತ್ತಿರ ತಂದಳೋ ಇಲ್ಲವೋ, ಮೂಗಿನೊಳಗೆ ಇರುವೆ ಹರಿದಂತಾಗಿ, ಆಕ್ಷೀ! ಎಂದು ಇಡೀ ಲೈಬ್ರರಿ ಬೆಚ್ಚುವಂತೆ ಸೀನಿದಳು. ಜಂಬಣ್ಣನ ದಬ್ಬಳ ಕೈಗೆ ಚುಚ್ಚಿತು.

ನಶ್ಯ.

ಮದುವೆಯಾದಾಗಿನಿಂದ ಅವಳನ್ನು ಹೀಗೆ ಸೀನಿಸುತ್ತಾ ಬಂದಿರುವ ನಶ್ಯ ಒಂದೇ. "ನೀವು ಗೇಟು ತೆಗೆಯೋದು ಕಿವಿಗೆ ಕೇಳೋ ಮೊದ್ಲು ನನ್ನ ಮೂಗಿಗೆ ಗೊತ್ತಾಗುತ್ತೆ," ಅಂತ ಅವಳು ಗಂಡನನ್ನು ಗೇಲಿ ಮಾಡದ ದಿನವಿಲ್ಲ. ಆಗ ನೆನಪಾಯಿತು. ಆಟ ಗೊತ್ತಿದ್ದದ್ದು ಇಬ್ಬರಿಗಲ್ಲ, ಮೂವರಿಗೆ. ಯಾವತ್ತೋ ಕಾಫಿ ಕುಡಿಯುತ್ತ ನಗುನಗುತ್ತಾ ಗಂಡನಿಗೆ ಹೇಳಿದವಳು ಅವಳೇ.

ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ನೆಟ್ಟಗೆ ಇಟ್ಟು ಹೊರಗೆ ಬಂದಳು. ಚಪ್ಪಲಿ ಮೆಟ್ಟಿ ಮನೆಯ ಕಡೆ ನಡೆದಳು.

ಗಂಡ ಶೇಷಪ್ಪ ಜಗುಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದ. ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಷಡಕ್ಷರಪ್ಪನವರ ಮಂಡಿಯಲ್ಲಿ ಉಸ್ತುವಾರಿಗೆ ಸೇರಿಕೊಂಡವನು. ಇವತ್ತು ರಜೆ. ಅಂಗಳದ ಮೂಲೆಯಲ್ಲಿ ನೆಲದ ಮೇಲೆ ಎಣ್ಣೆಯ ಕಲೆ ಇನ್ನೂ ಇತ್ತು. ಸಿದ್ದು ದಿನಾ ರಾತ್ರಿ ಆಟೋ ನಿಲ್ಲಿಸುತ್ತಿದ್ದ ಜಾಗ ಅದು. ಈಗ ಆಟೋ ಪೊಲೀಸ್ ಠಾಣೆಯ ಹಿತ್ತಲಿನಲ್ಲಿ ಬಿಸಿಲು ಕಾಯುತ್ತಿದೆ.

"ಏನು ಇಷ್ಟು ಬೇಗ ಬಂದೆ?"

ಧನಲಕ್ಷ್ಮಿ ಅವನ ಎದುರು ಕೂತಳು.

"ರೀ, ನನ್ನ ಮುಖ ನೋಡಿ ಹೇಳಿ. ವಚನದ ಪುಸ್ತಕ ತಲೆಕೆಳಗು ಮಾಡಿದ್ದು ನೀವು ತಾನೆ?"

ಅವರೆಕಾಯಿ ಬಿಡಿಸುತ್ತಿದ್ದ ಹೆಬ್ಬೆರಳು ನಿಂತಿತು.

"ಯಾವ ಪುಸ್ತಕ?"

"ನಶ್ಯ ಉದುರಿದೆ. ಇಲ್ಲ ಅನ್ಬೇಡಿ."

ಶೇಷಪ್ಪ ಬಿಡಿಸಿದ ಕಾಳನ್ನು ಪಕ್ಕಕ್ಕೆ ಸರಿಸಿದ. ಒಳಗೆ ಕುಕ್ಕರು ಕೂಗಿತು. ಇಬ್ಬರೂ ಏಳಲಿಲ್ಲ.

"ಹೌದು ಕಣೇ," ಅಂದ ಕೊನೆಗೆ. "ಏನ್ ಮಾಡ್ಲಿ? ನೀನು ಊಟ ಬಿಟ್ಟೆ. ನಿದ್ದೆ ಬಿಟ್ಟೆ. ಸಿದ್ದು ಸಿದ್ದು ಅಂತ ಗೋಡೆಗೆ ತಲೆ ಚಚ್ಕೊಂಡೆ. ನನ್ನ ಕೈಲಿ ನೋಡೋಕಾಗ್ಲಿಲ್ಲ. ಒಂದಿಷ್ಟು ಧೈರ್ಯ ಬರ್ಲಿ ಅಂತ ಮಾಡ್ದೆ."

ಧನಲಕ್ಷ್ಮಿಗೆ ಸಿಟ್ಟೂ ಬಂತು, ಅಳುವೂ ಬಂತು. ಯಾವುದು ಮೊದಲು ಅಂತ ತಿಳಿಯದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಈ ಮನುಷ್ಯ ಒಂದು ದಿನವೂ ಅವಳಿಗೆ ಹೂವು ತಂದವನಲ್ಲ. ಅಂಥವನು ಅವಳಿಗೋಸ್ಕರ ಲೈಬ್ರರಿಗೆ ಹೋಗಿ, ಕಳ್ಳನ ಹಾಗೆ ಪುಸ್ತಕ ತಿರುಗಿಸಿಟ್ಟು ಬಂದಿದ್ದಾನೆ.

"ಮೊನ್ನೆದೂ ನೀವೇನಾ? ಬಾಗಿಲ ಹತ್ರದ್ದು?"

"ನಾನೇ."

"ಹೊಸಮನೆದು?"

ಶೇಷಪ್ಪ ಜೇಬಿನಿಂದ ನಶ್ಯದ ಡಬ್ಬಿ ತೆಗೆದ. ಮುಚ್ಚಳದ ಮೇಲೆ ಎರಡು ಸಲ ಬೆರಳಿನಿಂದ ತಟ್ಟಿದ. ತೆರೆಯಲಿಲ್ಲ.

"ಅದೂ ನಾನೇ."

"ಯಾವ ಪುಸ್ತಕ ಅದು?"

"ಯಾವುದೋ ಹಳೇದು. ಹೆಸರು ಯಾರು ನೋಡ್ತಾರೆ? ಎಲ್ಲಾ ನಾನೇ ಅಂದ್ಮೇಲೆ ಎಲ್ಲಾ ನಾನೇ. ಅವ್ರು ಹೋಗಿಬಿಟ್ಟಿದ್ದಾರೆ ಲಕ್ಷ್ಮೀ. ಇನ್ನು ಹುಡುಕ್ಬೇಡ."

ಮನೆಯ ಮುಂದಿನ ಬೇಲಿಯಲ್ಲಿ ಗುಬ್ಬಿಗಳು ಗಲಾಟೆ ಮಾಡುತ್ತಿದ್ದವು. ಧನಲಕ್ಷ್ಮಿಗೆ ಏನೂ ಕೇಳಲಿಲ್ಲ. ಹೋದ ವಾರ ಹೊಸಮನೆಯ ಆ ಪುಸ್ತಕ ಕಂಡಾಗ ಮುಟ್ಟುವುದಕ್ಕೂ ಧೈರ್ಯ ಸಾಲದೆ ಓಡಿ ಬಂದಿದ್ದಳು. ಅವತ್ತೇ ತಮ್ಮ ಬಂದೇ ಬರುತ್ತಾನೆ ಅಂತ ಅವನ ಹಾಸಿಗೆಯನ್ನು ಬಿಸಿಲಿಗೆ ಹಾಕಿ ತೆಗೆದಿಟ್ಟಿದ್ದಳು.

ತಟ್ಟನೆ ಅವಳು ಎದ್ದು ನಿಂತಳು.

"ಅಯ್ಯೋ ದೇವರೇ! ಸಬ್ ಇನ್ಸ್‌ಪೆಕ್ಟರ್ ಶೀಲಾ ಮೇಡಮ್ ಇವತ್ತು ಸಂಜೆ ಹೊಸಮನೆಗೆ ಬರ್ತಿದ್ದಾರೆ ಕಣ್ರೀ! ಕೈಕಾಲು ಹಿಡಿದು ನಾನೇ ಒಪ್ಪಿಸಿದ್ದೀನಿ. ಒಂದ್ಸಲ ಬಂದು ಕಣ್ಣಾರೆ ನೋಡಿ ಅಂತ."

ಶೇಷಪ್ಪನ ಮುಖದ ಬಣ್ಣ ಬದಲಾಯಿತು.

"ಪೊಲೀಸ್ನೋರಿಗೆ ಯಾಕೆ ಹೇಳ್ದೆ?"

"ಮತ್ತೆ ಯಾರಿಗೆ ಹೇಳ್ಲಿ? ನಾವೇ ಸುಳ್ಳು ಸಾಕ್ಷಿ ಹುಟ್ಟಿಸಿದ್ದೀವಿ ಅಂತ ಗೊತ್ತಾದ್ರೆ ಸಿದ್ದು ಜನ್ಮದಲ್ಲಿ ಹೊರಗೆ ಬರಲ್ಲ!"

"ಕೂಗ್ಬೇಡ. ಅವ್ರು ಬರೋ ಮೊದ್ಲು ಹೋಗಿ ಅದನ್ನ ನೆಟ್ಟಗೆ ಮಾಡಿಬಿಡೋಣ. ನಡಿ, ನಾನೂ ಬರ್ತೀನಿ."

ಅಷ್ಟರಲ್ಲಿ ಜಗುಲಿಯ ಮೇಲಿದ್ದ ಅವನ ಫೋನು ಹೊಡೆದುಕೊಂಡಿತು. 'ಸಾಹುಕಾರ್ರು' ಅಂತ ಹೆಸರು ಬಂತು. ಶೇಷಪ್ಪ ಅದನ್ನು ಎತ್ತಿಕೊಂಡು ಹಿತ್ತಲಿಗೆ ಹೋದ. ಮಂಡಿಯ ಮಾತನ್ನು ಅವನು ಯಾವತ್ತೂ ಜಗುಲಿಯಲ್ಲೇ, ಬೀದಿಗೆಲ್ಲ ಕೇಳುವ ಹಾಗೆ ಆಡುವವನು. ಇವತ್ತು ಪಿಸುದನಿ. ಧನಲಕ್ಷ್ಮಿಗೆ ಅದನ್ನೆಲ್ಲ ಗಮನಿಸುವ ಸ್ಥಿಮಿತ ಇರಲಿಲ್ಲ. ಒಳಗೆ ಓಡಿ ಕುಕ್ಕರು ಇಳಿಸಿದಳು.

ಇಬ್ಬರೂ ಬಸ್ಸು ಹತ್ತಿ, ಶಿವಮೊಗ್ಗದಲ್ಲಿ ಇಳಿದು ಆಟೋ ಹಿಡಿದು ಹೊಸಮನೆಯ ಅಡ್ಡರಸ್ತೆಗೆ ಬಂದಾಗ ಲೈಬ್ರರಿಯ ಬಾಗಿಲು ಆಗಷ್ಟೇ ತೆರೆದಿತ್ತು. ಮಧ್ಯಾಹ್ನ ಮುಚ್ಚಿ ಸಂಜೆ ಮತ್ತೆ ತೆರೆಯುವ ಲೈಬ್ರರಿ. ಹಳೆಯ ಕಾಲದ ಹೆಂಚಿನ ಕಟ್ಟಡ, ಮುಂದೊಂದು ಬೇವಿನ ಮರ.

"ನೀನು ಹೋಗು," ಅಂದ ಶೇಷಪ್ಪ. "ಇಬ್ರೂ ಒಟ್ಟಿಗೆ ಹೋದ್ರೆ ಕಣ್ಣಿಗೆ ಬೀಳುತ್ತೆ. ಎಲ್ಲಿದೆ ಅಂತ ನಿಂಗೆ ಗೊತ್ತಲ್ಲ. ನಾನು ಎದುರಿಗೆ ಟೀ ಕುಡೀತಿರ್ತೀನಿ."

ಒಳಗೆ ಕತ್ತಲು ಕತ್ತಲು. ಒಂದು ಟ್ಯೂಬ್‌ಲೈಟು ಹತ್ತಲೋ ಬೇಡವೋ ಎಂದು ಮಿಣಮಿಣ ಅನ್ನುತ್ತಿತ್ತು. ಉದ್ದನೆಯ ಮೇಜಿನ ಎರಡೂ ಬದಿಗೆ ಓದುಗರು ಕೂತಿದ್ದರು. ಎಲ್ಲರೂ ಪೇಪರನ್ನು ಮುಖದೆತ್ತರಕ್ಕೆ ಹಿಡಿದಿದ್ದರು. ಮುಖ ಒಂದೂ ಕಾಣದು. ಪೇಪರಿನ ಅಂಚಿನಲ್ಲಿ ಬೆರಳುಗಳು, ಮೇಜಿನಡಿ ಪಾದಗಳು, ಅಷ್ಟೇ. ಅವಳು ಒಳಗೆ ಬಂದಾಗ ಯಾರೂ ಪೇಪರು ಇಳಿಸಲಿಲ್ಲ. ಆದರೆ ಹಾಳೆಗಳ ಸರಸರ ಸದ್ದು ಒಮ್ಮೆಲೇ ನಿಂತು, ಅವಳು ಎರಡು ಹೆಜ್ಜೆ ಹಾಕಿದ ಮೇಲೆ ಮತ್ತೆ ಶುರುವಾಯಿತು. ಜಗದಾಂಬಾ ಪಕ್ಕದಲ್ಲಿದ್ದಿದ್ದರೆ ಇಬ್ಬರೂ ಮುಸಿಮುಸಿ ನಗುತ್ತಿದ್ದರು. ಈಗ ಮೈಮೇಲೆ ಮುಳ್ಳೆದ್ದವು.

"ಬನ್ನಿ ಅಕ್ಕಾ," ಅಂದಳು ಕೌಂಟರಿನಲ್ಲಿದ್ದ ವಿಮಲಮ್ಮ. ಈ ಲೈಬ್ರರಿಯ ಬಾಗಿಲು ತೆರೆಯುವುದು, ಕಸ ಗುಡಿಸುವುದು, ಪುಸ್ತಕ ಕೊಡುವುದು ಎಲ್ಲ ಅವಳೇ. ಅವಳ ಮುಂದೆ ಎರಡು ಟಿಫನ್ ಡಬ್ಬಿ ಇದ್ದವು. ಧನಲಕ್ಷ್ಮಿಯ ಕಣ್ಣು ಆ ಕಡೆ ಹೋದದ್ದೇ ತಡ, ಒಂದನ್ನು ಮೇಜಿನ ಕೆಳಗೆ ಸರಿಸಿದಳು. "ಸಕ್ಕರೆ ಕಾಯಿಲೆ ನೋಡಿ, ಆಗಾಗ ತಿಂತಿರ್ಬೇಕು."

ಧನಲಕ್ಷ್ಮಿ ತಲೆಯಾಡಿಸಿ ಹಿಂದಿನ ಕಪಾಟುಗಳ ಕಡೆ ನಡೆದಳು. ಅಲ್ಲಿಗೆ ಬೆಳಕು ಇನ್ನೂ ಕಡಿಮೆ. ಕಪಾಟುಗಳ ಆಚೆ, ಹಳೆಯ ಪೇಪರು ತುಂಬುವ ಕೋಣೆಯ ಬಾಗಿಲು. ಅದಕ್ಕೊಂದು ದಪ್ಪನೆಯ ಬೀಗ.

ಪುಸ್ತಕ ಅಲ್ಲೇ ಇತ್ತು. ರೇಡಿಯೋ ರಿಪೇರಿಯ ಪುಸ್ತಕ. ತಲೆಕೆಳಗು.

ನೆಟ್ಟಗೆ ಮಾಡಿ ಇಟ್ಟು ಹೊರಟುಬಿಡಬೇಕು, ಅಷ್ಟೇ ಕೆಲಸ. ಅವಳು ಅದನ್ನು ಹೊರಗೆಳೆದಳು. ತಿರುಗಿಸಿದಳು. ಸುಮ್ಮನೆ ಇಡಲು ಮನಸ್ಸು ಒಪ್ಪದೆ ಒಮ್ಮೆ ಬಿಡಿಸಿ ಮೂಸಿದಳು. ಹಳೆಯ ಕಾಗದದ ವಾಸನೆ. ಇನ್ನೂ ಹತ್ತಿರ ತಂದು ಉಸಿರೆಳೆದಳು. ಸೀನು ಬರಲಿಲ್ಲ.

ಹಾಳೆಯ ಮೂಲೆಯಲ್ಲಿ ಏನೋ ಬೆಳ್ಳಗೆ ಕಂಡಿತು. ಕಿಟಕಿಯ ಕಡೆ ಹಿಡಿದು ನೋಡಿದಳು.

ಹೆಬ್ಬೆರಳಿನ ಗುರುತು. ವಿಭೂತಿಯದು.

ಜಗದಾಂಬಾಳಿಗೆ ಓದುವಾಗ ಹಣೆ ಉಜ್ಜಿಕೊಳ್ಳುವ ಚಟ. ಹಣೆಯ ವಿಭೂತಿ ಬೆರಳಿಗೆ, ಬೆರಳಿನಿಂದ ಹಾಳೆಯ ಮೂಲೆಗೆ. ಅವಳು ಓದಿದ ಪುಸ್ತಕ ಯಾವುದೆಂದು ಆ ಬಿಳಿ ಗುರುತೇ ಹೇಳುತ್ತಿತ್ತು. ಗಂಡನಿಗೆ ಆಟದ ವಿಷಯ ಹೇಳಿದ್ದಳು, ಇದನ್ನು ಹೇಳಿರಲಿಲ್ಲ. ಹೇಳುವಂಥದ್ದು ಅಂತ ಅನ್ನಿಸಿಯೇ ಇರಲಿಲ್ಲ. ಧನಲಕ್ಷ್ಮಿ ಆ ಗುರುತಿನ ಮೇಲೆ ಬೆರಳಿಟ್ಟಳು. ಅವಳ ಬೆರಳ ತುದಿಯೂ ಬೆಳ್ಳಗಾಯಿತು. ಹಳೆಯದಾಗಿದ್ದರೆ ಇಷ್ಟು ಹೊತ್ತಿಗೆ ಹಾಳೆಯಲ್ಲಿ ಇಂಗಿ ಮಾಸಿಹೋಗಿರುತ್ತಿತ್ತು.

ಬದುಕಿದ್ದಾಳೆ! ಶಿವನೇ, ಬದುಕಿದ್ದಾಳೆ!

ಕುಣಿಯಬೇಕು ಅನ್ನಿಸಿತು. ಶೀಲಾ ಮೇಡಮ್ ಬರಲಿ. ಇದನ್ನು ತೋರಿಸಿದರೆ ಸಾಕು. ಸಿದ್ದು ಬರುತ್ತಾನೆ. ಬಿಸಿಲಿಗೆ ಹಾಕಿದ ಹಾಸಿಗೆಯ ಮೇಲೆ ಮಲಗುತ್ತಾನೆ.

ಆ ಸಂತೋಷ ಪೂರ್ತಿ ಗಂಟಲಿಗೆ ಬರುವ ಮುಂಚೆಯೇ ಇನ್ನೊಂದು ಯೋಚನೆ ಬಂದು ಅವಳನ್ನು ಹಿಡಿದು ನಿಲ್ಲಿಸಿತು.

ಈ ಪುಸ್ತಕ ತಿರುಗಿಸಿದ್ದು ಶೇಷಪ್ಪ ಅಲ್ಲ. ಹಾಗಾದರೆ 'ಅದೂ ನಾನೇ' ಅಂದದ್ದು ಯಾಕೆ?

ಮಾಡಿದ್ದನ್ನು ಇಲ್ಲ ಅನ್ನುವವರನ್ನು ಅವಳು ನೋಡಿದ್ದಾಳೆ. ಅಂಗನವಾಡಿಯ ಮಕ್ಕಳೆಲ್ಲ ಅದೇ ಜಾತಿ. ಮಾಡದೇ ಇದ್ದದ್ದನ್ನು ನಾನೇ ಮಾಡಿದೆ ಅನ್ನುವವನನ್ನು ಎಲ್ಲೂ ಕಂಡಿಲ್ಲ. ಹೊಸಮನೆಯಲ್ಲಿ ಪುಸ್ತಕ ಸಿಕ್ಕಿತು ಅಂತ ಹೋದ ವಾರ ಅವಳು ಓಡಿ ಬಂದು ಮೊದಲು ಹೇಳಿದ್ದು ಗಂಡನಿಗೇ. ಯಾವ ಕಪಾಟು, ಯಾವ ಪುಸ್ತಕ ಅಂತ ಅವನು ಅವತ್ತು ಕೆದಕಿ ಕೆದಕಿ ಕೇಳಿದ್ದ. ಅಳುವಿನ ಭರದಲ್ಲಿ ಅವಳು ಹೇಳಿರಲಿಲ್ಲ. ಅದಾದ ಮೇಲೆ ತಾನೇ ಜನ್ನಾಪುರದಲ್ಲಿ ಪುಸ್ತಕಗಳು ತಿರುಗಲು ಶುರುವಾದದ್ದು? ಎರಡು ಸುಳ್ಳಿನ ಪಕ್ಕದಲ್ಲಿ ಇಟ್ಟುಬಿಟ್ಟರೆ ಈ ಒಂದು ನಿಜವನ್ನು ಯಾರು ನಂಬುತ್ತಾರೆ?

'ಎಲ್ಲಿದೆ ಅಂತ ನಿಂಗೆ ಗೊತ್ತಲ್ಲ.' ಬೇವಿನ ಮರದ ಕೆಳಗೆ ನಿಂತು ಹೇಳಿದ ಮಾತು ಈಗ ಬೇರೆಯಾಗಿ ಕೇಳಿಸಿತು.

ಛೆ, ಛೆ. ಏನು ಯೋಚನೆ ಇದು! ಕಟ್ಟಿಕೊಂಡ ಗಂಡ. ಧನಲಕ್ಷ್ಮಿ ಕಪಾಟಿಗೆ ಒರಗಿ ನಿಂತಳು.

ಆಗ ಆ ಸದ್ದು ಕೇಳಿತು.

ಸರ್... ಪಟ್.

ಓದುಗರ ಮೇಜಿನ ಕಡೆಯಿಂದಲ್ಲ. ಎದುರಿನಿಂದ, ಬೀಗ ಹಾಕಿದ ಬಾಗಿಲಿನ ಹಿಂದಿನಿಂದ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮತ್ತೆ, ಸರ್... ಪಟ್.

"ಇಲಿ ಅಕ್ಕಾ, ಇಲಿ." ವಿಮಲಮ್ಮ ಯಾವಾಗ ಎದ್ದು ಬಂದಳೋ, ಕಪಾಟಿನ ಪಕ್ಕದಲ್ಲಿ ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು. "ಹಳೇ ಪೇಪರ್ ತುಂಬಿರೋ ರೂಮು ಅದು. ಬೀಗದ ಕೈಯೂ ಕಳ್ದೋಗಿದೆ. ನೀವು ಈ ಕಡೆ ಬನ್ನಿ."

"ಇಲಿ ಹಾಳೆ ಕಡಿಯುತ್ತೆ ವಿಮಲಮ್ಮ. ತಿರುವಲ್ಲ."

ವಿಮಲಮ್ಮ ಏನೋ ಹೇಳಲು ಬಾಯಿ ತೆರೆದಳು. ಅದೇ ಹೊತ್ತಿಗೆ ಕೌಂಟರಿನ ಹತ್ತಿರ ಯಾರೋ "ಮೇಡಮ್, ಪುಸ್ತಕ ವಾಪಸ್ಸು," ಎಂದು ಕೂಗಿದರು. ಅವಳು ಕೈಮುಗಿದು, ಹೋಗಿಬಿಡಿ ಎಂಬಂತೆ ಕಣ್ಣಲ್ಲೇ ಬೇಡಿಕೊಂಡು ಆ ಕಡೆ ಓಡಿದಳು.

ಧನಲಕ್ಷ್ಮಿ ಬಾಗಿಲಿನ ಹತ್ತಿರ ಹೋದಳು. ಮರಕ್ಕೆ ಕೆನ್ನೆ ಒತ್ತಿದಳು. ಮರ ತಣ್ಣಗಿತ್ತು.

"ಜಗದಾಂಬಾ."

ಸದ್ದು ನಿಂತಿತು.

"ನಾನು ಕಣೇ. ಧನಾ."

ಒಳಗೆ ಸೀರೆ ಸರಿದಾಡಿದ ಸದ್ದು. ಯಾರೋ ಬರಿಗಾಲಲ್ಲಿ ಬಾಗಿಲ ಬಳಿ ಬಂದು ನಿಂತರು. ಬಾಗಿಲ ಸಂದಿನಿಂದ ಸಣ್ಣಗೆ ವಿಭೂತಿಯ ಘಮ, ಅದರೊಂದಿಗೆ ಮುಚ್ಚಿಟ್ಟ ಕೋಣೆಯ ಮುಗ್ಗಲು ವಾಸನೆ. ಧನಲಕ್ಷ್ಮಿಯ ಕಣ್ಣಲ್ಲಿ ನೀರು ತುಂಬಿತು. ಮರುಕ್ಷಣವೇ ಸಿಟ್ಟು ನುಗ್ಗಿ ಬಂತು.

"ನನ್ನ ತಮ್ಮ ಅಲ್ಲಿ ಜೈಲಲ್ಲಿ ಕೊಳೀತಿದ್ದಾನೆ. ನೀನು ಇಲ್ಲಿ ಕೂತು ಪುಸ್ತಕ ಓದ್ತಿದ್ದೀಯಾ? ನಾಚಿಕೆ ಆಗಲ್ವಾ ನಿಂಗೆ? ನಿಂಗೋಸ್ಕರ ಅವನು ಎಷ್ಟು ಊರಿಗೆ ಆಟೋ ಓಡಿಸಿದ್ದಾನೆ!"

"ಮೆಲ್ಲಗೆ ಮಾತಾಡೇ." ಅದೇ ದನಿ. ಸೊರಗಿ ಹೋಗಿತ್ತು, ಆದರೆ ಅದೇ ದನಿ. "ನಿಂಗೆ ಗೊತ್ತಾಗ್ಲಿ ಅಂತಾನೇ ರಾತ್ರಿ ವಿಮಲಮ್ಮ ಬೀಗ ತೆಗೆದಾಗ ಆ ಪುಸ್ತಕ ಇಟ್ಟೆ. ನೀನು ಬರ್ತೀಯ ಅಂತ ದಿನಾ ಕಾದೆ. ಒಬ್ಬಳೇ ಬಂದಿದ್ದೀಯ ತಾನೆ?"

"ನಮ್ಮನೆಯವ್ರು ಬಂದಿದ್ದಾರೆ. ಎದುರಿಗೆ ಟೀ ಕುಡೀತಿದ್ದಾರೆ."

ಒಳಗೆ ಹೆಜ್ಜೆ ಹಿಂದಕ್ಕೆ ಸರಿದ ಸದ್ದಾಯಿತು.

"ಯಾಕೆ? ಏನಾಯ್ತು?"

"ಅಯ್ಯೋ ಧನಾ, ಅವ್ರನ್ನ ಯಾಕೆ ಕರ್ಕೊಂಡು ಬಂದೆ?" ಮಾತು ಅಳುವಿನಲ್ಲಿ ತೊದಲಿತು. "ಅವತ್ತು ಸಿದ್ದು ನನ್ನ ಬಸ್ ಸ್ಟ್ಯಾಂಡಲ್ಲಿ ಇಳಿಸಿ ಹೋದ. ಅವನದೇನೂ ತಪ್ಪಿಲ್ಲ. ಅಲ್ಲಿಂದ ನಡ್ಕೊಂಡು ಬರುವಾಗ ಮಂಡಿ ಹತ್ರ, ನಮ್ಮ ಯಜಮಾನ್ರ ಮಾತು ಕೇಳ್ಕೊಂಡು ನನ್ನ ತಲೆಗೆ ಹೊಡೆದು ಆ ಚೀಲ ಕಿತ್ಕೊಂಡಿದ್ದು ನಿನ್ನ ಗಂಡ ಕಣೇ."

ಧನಲಕ್ಷ್ಮಿಗೆ ನೆಲ ಕಾಣಲಿಲ್ಲ, ಗೋಡೆ ಕಾಣಲಿಲ್ಲ. ಕಂಡದ್ದು ಅಂಗಳದ ಮೂಲೆಯ ಎಣ್ಣೆಯ ಕಲೆ. ರಾತ್ರಿಯಿಡೀ ಆ ಆಟೋ ಅಲ್ಲೇ ನಿಂತಿರುತ್ತಿತ್ತು. ಅದರೊಳಗೆ ಚೀಲ ತುರುಕಲು ಶೇಷಪ್ಪ ಗೇಟು ಕೂಡ ತೆಗೆಯಬೇಕಾಗಿರಲಿಲ್ಲ.

ತಮ್ಮ ಹೊರಗೆ ಬರಬೇಕಾದರೆ ಗಂಡ ಒಳಗೆ ಹೋಗಬೇಕು. ಇನ್ನು ಸ್ವಲ್ಪ ಹೊತ್ತಿಗೆ ಶೀಲಾ ಮೇಡಮ್ ಇದೇ ಬಾಗಿಲಿಗೆ ಬರುತ್ತಾರೆ. ಅವರಿಗೆ ಒಂದು ಮಾತು ಹೇಳಿದರೆ ಸಾಕು. ಹೇಳದಿದ್ದರೂ ಸಾಕು. ಎರಡೂ ಅವಳ ಬಾಯಲ್ಲೇ ಇತ್ತು.

"ಧನಾ? ಇದ್ದೀಯಾ?" ಒಳಗಿನ ದನಿ ನಡುಗಿತು. "ನಾನಿಲ್ಲಿರೋದು ನಿನ್ನ ಗಂಡನಿಗೆ ಗೊತ್ತಾಗ್ಬಾರ್ದು ಕಣೇ."

ಇದ್ದೀನಿ ಅನ್ನಲು ಧನಲಕ್ಷ್ಮಿ ಬಾಯಿ ತೆರೆದಳು.

ಮೂಗಿನೊಳಗೆ ಇರುವೆ ಹರಿದಂತಾಗುತ್ತಿತ್ತು.

ಅವಳು ಹಿಂತಿರುಗಿ ನೋಡಲಿಲ್ಲ. ಸೆರಗಿನಿಂದ ಮೂಗನ್ನು ಬಲವಾಗಿ ಹಿಡಿದುಕೊಂಡಳು. ಓದುಗರ ಮೇಜಿನ ಕಡೆ ಹಾಳೆಗಳ ಸದ್ದು ಒಮ್ಮೆಲೇ ನಿಂತಿತ್ತು. ಕಪಾಟಿನ ಆಚೆ, ತೀರಾ ಹತ್ತಿರದಲ್ಲಿ, ಡಬ್ಬಿಯ ಮುಚ್ಚಳವನ್ನು ಯಾರೋ ಬೆರಳಿನಿಂದ ಎರಡು ಸಲ ತಟ್ಟಿದರು.

ತಡೆಯಲಾಗಲಿಲ್ಲ. ಧನಲಕ್ಷ್ಮಿ ಸೀನಿದಳು.